ಗಾಜಿನ ಪಾಟಿ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ಚಪಳಗಾಂವದಲ್ಲಿ, ಒಂದು ಮನೆಯ ಪಡಸಾಲೆಯೊಳಗೆ, ಗೋಡೆಗೆ ಒಟ್ಟಿದ ಜೋಳದ ಚೀಲಗಳಿಗೆ ಬೆನ್ನು ಕೊಟ್ಟು ಕುಳಿತಿದ್ದ ಮೂರನೆಯ ಇಯತ್ತೆಯ ಬಾಲಕಿಯೊಬ್ಬಳು, ತನ್ನ ಕನ್ನಡ ಪಾಠಪುಸ್ತಕದಲ್ಲಿ ಮುದ್ರಿತವಾಗಿದ್ದ ಕಪ್ಪು ಬಿಳುಪಿನ ಚೌಕವನ್ನು ತಂದೆಯ ಮೊಬೈಲಿನ ಕಣ್ಣಿಗೆ ಹಿಡಿಯುತ್ತಿದ್ದುದನ್ನು ಕಳೆದ ಸುಗ್ಗಿಯ ಕಾಲದಲ್ಲಿ ನಾನು ಕಂಡೆನು. ಮೊಬೈಲಿನ ಗಾಜು ಒಂದು ಮೂಲೆಯಲ್ಲಿ ಜೇಡರ ಬಲೆಯಂತೆ ಸೀಳಿತ್ತು. ಪುಸ್ತಕದ ಆ ಚೌಕದ ಮೇಲೆ ಶೇಂಗಾ ಹಿಂಡಿಯ ಎಣ್ಣೆ ಇಳಿದು ಅದರ ಒಂದು ಮಗ್ಗುಲು ಮಬ್ಬಾಗಿತ್ತು. ರೇಂಜಿಗಾಗಿ ಆಕೆ ಎರಡು ಸಲ ಹೊಸ್ತಿಲವರೆಗೆ ಹೋಗಿಬಂದಳು. ಮೂರನೆಯ ಸಲಕ್ಕೆ ಪಾಠವು ಗಾಜಿನ ಮೇಲೆ ಮೂಡಿದಾಗ "ತೆರೀತ್ರಿ" ಎಂದು ಆಕೆ ನನ್ನ ಕಡೆಗೆ ತಿರುಗಿ ಹೇಳಿದ ಧ್ವನಿಯಲ್ಲಿ ಗೆಲವೂ ಇತ್ತು, ಇಷ್ಟರಲ್ಲಿ ಆಶ್ಚರ್ಯವೇನೂ ಇಲ್ಲವೆಂಬ ನಿಶ್ಚಿಂತೆಯೂ ಇತ್ತು. ತರುವಾಯ, ಕನ್ನಡ ಸಾಲಿಯ ಮಕ್ಕಳಿಗೆಂದು ನಾನು ಬರೆದು, ಪ್ರಯೋಗಾರ್ಥವಾಗಿ ಆ ಮೊಬೈಲಿನಲ್ಲಿ ಹಾಕಿಕೊಟ್ಟಿದ್ದ ಪ್ರಶ್ನೋತ್ತರದ ಆ್ಯಪನ್ನು ತೆರೆದು, ಕೆಳಗಣ ಹಸಿರು ಗುಂಡಿಯ ಮೇಲೆ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದಳು: "ಉತರ."

ನಾನು ಬರೆದುದು "ಉತ್ತರ" ಎಂದಾಗಿತ್ತು. ಆದರೆ ಗುಂಡಿಯ ಎತ್ತರವನ್ನು ನಾನು ಇಂಗ್ಲಿಷ್ ಅಕ್ಷರಗಳ ಅಳತೆಗೆ ಕೊರೆದಿದ್ದೆನಾದುದರಿಂದ ತಕಾರದ ಕೆಳಗೆ ತೂಗಬೇಕಾದ ಒತ್ತು ಗುಂಡಿಯ ಅಂಚಿನಲ್ಲಿಯೇ ಕೊಯ್ದುಹೋಗಿತ್ತು. ಕೂಸು ಕಣ್ಣಿಗೆ ಕಂಡುದನ್ನು ಕಂಡಂತೆಯೇ ಓದಿತ್ತು. ಆಕೆಯ ಓದಿನಲ್ಲಿ ತಪ್ಪಿರಲಿಲ್ಲ, ನನ್ನ ಬರಹದಲ್ಲಿ ತಪ್ಪಿದ್ದಿತು. ಸೊಲ್ಲಾಪುರದ ನನ್ನ ಮೇಜಿನ ಮೇಲಿರುವ ದೊಡ್ಡ ಪರದೆಯಲ್ಲಿ ಎಷ್ಟೋ ದಿನ ನೋಡಿದರೂ ನನಗೆ ಗೋಚರಿಸದಿದ್ದ ಈ ದೋಷವು, ಎಂಟು ವರುಷದ ಓದುಗಿಯೊಬ್ಬಳ ಬಾಯಿಂದ ಒಂದು ನಿಮಿಷದಲ್ಲಿ ಹೊರಬಿದ್ದ ಆ ಕ್ಷಣದಿಂದ, ಅಂಗೈಯಗಲದ ಗಾಜಿಗಾಗಿ ಬರೆಯುವ ಈ ವಿದ್ಯೆಯನ್ನು ಕುರಿತು ನಾನು ಬೇರೆ ರೀತಿಯಲ್ಲಿ ಯೋಚಿಸತೊಡಗಿದೆನು.

ನಮ್ಮ ಸೀಮೆಯಲ್ಲಿ ಸ್ಲೇಟಿಗೆ ಪಾಟಿ ಎನ್ನುವರು. ಮರಾಠಿಯಲ್ಲಿಯೂ ಅದೇ ಶಬ್ದ. ಮನೆಮಾತು ಯಾವುದೇ ಇರಲಿ, ಅಕ್ಷರಾಭ್ಯಾಸದ ಮೊದಲ ಪೆಟ್ಟು ಬೀಳುತ್ತಿದ್ದುದು ಆ ಕರಿಯ ಕಲ್ಲಿನ ಮೇಲೆಯೇ. ಇಂಗ್ಲಿಷಿನ ಟ್ಯಾಬ್ಲೆಟ್ ಎಂಬ ಮಾತಿಗೂ ಮೂಲದಲ್ಲಿ ಬರೆಯುವ ಹಲಗೆಯೆಂದೇ ಅರ್ಥವಿರುವುದರಿಂದ, ಗಾಜಿನ ಪಾಟಿಯೆಂದು ನಾವು ಕರೆದರೆ ಅದು ಅಲಂಕಾರದ ಮಾತಾಗಲಾರದು. 2007ರ ಜನವರಿ 9ರಂದು ಐಫೋನ್ ಲೋಕಕ್ಕೆ ಪ್ರಕಟವಾದುದು, 2008ರ ಜುಲೈಯಲ್ಲಿ ಸುಮಾರು 500 ಆ್ಯಪುಗಳೊಡನೆ ಅದರ ಅಂಗಡಿ ತೆರೆದುದು, ಅದೇ ವರುಷ ಮೊದಲ ಆಂಡ್ರಾಯ್ಡ್ ಫೋನು ಮಾರಾಟಕ್ಕೆ ಬಂದುದು, 2010ರಲ್ಲಿ ಐಪ್ಯಾಡ್ ಬಂದುದು, ಮರುವರುಷ ನಮ್ಮ ಕೇಂದ್ರ ಸರಕಾರವು ವಿದ್ಯಾರ್ಥಿಗಳಿಗೆಂದು ಆಕಾಶ್ ಎಂಬ ಅಗ್ಗದ ಟ್ಯಾಬ್ಲೆಟನ್ನು ಘೋಷಿಸಿದುದು, ಇವೆಲ್ಲ ಹೊರಜಗತ್ತಿನ ಕಥೆ. ಹಳ್ಳಿಗಳ ಪಾಲಿಗೆ ಈ ಕಾಲವು ನಿಜವಾಗಿ ಉದಯಿಸಿದುದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಆರಂಭವಾಗಿ ಡೇಟಾ ಎಂಬ ವಸ್ತುವು ಬಡವರ ಕೈಗೆ ನಿಲುಕುವಂತಾದ ಮೇಲೆ.

ಅಕ್ಕಲಕೋಟೆಯ ಸೀಮೆಯಲ್ಲಿ ಕನ್ನಡವು ಹೊರಗಿನಿಂದ ಬಂದ ಭಾಷೆಯಲ್ಲ. ಸೊಲ್ಲಾಪುರವು ವಚನಕಾರ ಸಿದ್ಧರಾಮನ ಊರು. ಮಂಡ್ಯದಲ್ಲಿ 1974ರಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆಯಾಗಿ, ಆ ಪೀಠವನ್ನೇರಿದ ಮೊದಲ ಮಹಿಳೆಯೆನಿಸಿದ ಜಯದೇವಿತಾಯಿ ಲಿಗಾಡೆಯವರು ಈ ನೆಲದವರು. ಸಂಸ್ಥಾನದ ಆಳಿಕೆ ಕಳೆದು, ಮುಂಬಯಿ ಪ್ರಾಂತವು ಬಂದು, ಆ ಮೇಲೆ 1960ರಲ್ಲಿ ಮಹಾರಾಷ್ಟ್ರವಾದರೂ ಇಲ್ಲಿನ ಅಡುಗೆಮನೆಯ ಮಾತು ಬದಲಾಗಲಿಲ್ಲ. ಗಡಿಯ ವಾದವನ್ನು ನಾನು ಇಲ್ಲಿ ಎತ್ತುವುದಿಲ್ಲ. ಅದು ಬೇರೆ ಲೇಖನಿಗಳ ಕೆಲಸ. ನನ್ನ ಪ್ರಯೋಜನಕ್ಕೆ ಬೇಕಾದುದು ಇಷ್ಟೇ: 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿಯೆಂಬ ಪಾಠಪುಸ್ತಕ ಮಂಡಳಿಯು ಮರಾಠಿಯೊಡನೆ ಕನ್ನಡದಲ್ಲಿಯೂ ಪುಸ್ತಕಗಳನ್ನು ಅಚ್ಚು ಹಾಕುತ್ತಿದೆ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಮೊದಲಾದ ತಾಲೂಕುಗಳ ಜಿಲ್ಲಾ ಪರಿಷತ್ತಿನ ಕನ್ನಡ ಸಾಲಿಗಳ ಮಕ್ಕಳು ಪುಣೆಯಿಂದ ಬಂದ ಕನ್ನಡವನ್ನು ಓದಿ ಬೆಳೆಯುತ್ತಾರೆ. ಹೀಗೆ ಇಲ್ಲಿನ ಕೂಸಿಗೆ ಮನೆಯಲ್ಲಿ ಒಂದು ಕನ್ನಡ, ಪುಸ್ತಕದಲ್ಲಿ ಮತ್ತೊಂದು ಕನ್ನಡ, ಬಸ್ಸಿನ ಹಣೆಯ ಮೇಲೆ ಮರಾಠಿ. ಈಗ ಮೊಬೈಲಿನ ಗಾಜಿನ ಮೇಲೆ ಇಂಗ್ಲಿಷ್.

ಇಂಥ ಮಕ್ಕಳನ್ನು ಕುರಿತು ಯೋಚಿಸಿದ ಒಬ್ಬ ಶಿಕ್ಷಕನ ಹೆಸರು ನಮ್ಮ ಜಿಲ್ಲೆಯಿಂದಲೇ ಲೋಕಕ್ಕೆಲ್ಲ ಪ್ರಸಿದ್ಧವಾಯಿತು. ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಗೆ 2009ರಲ್ಲಿ ಬಂದ ರಣಜಿತಸಿಂಹ ಡಿಸಲೆಯವರು ಅಲ್ಲಿ ಕಂಡುದು ಒಂದು ಕಡೆ ದನದ ಕೊಟ್ಟಿಗೆ, ಮತ್ತೊಂದು ಕಡೆ ದಾಸ್ತಾನಿನ ಕೋಣೆ, ಇವೆರಡರ ನಡುವೆ ಇಕ್ಕಟ್ಟಿನಲ್ಲಿ ನಿಂತ ಒಂದು ಶಿಥಿಲ ಕಟ್ಟಡವನ್ನು. ಅಲ್ಲಿನ ಮಕ್ಕಳ ಮನೆಮಾತು ಕನ್ನಡವಾಗಿದ್ದು ಪಠ್ಯವು ಆ ಭಾಷೆಯಲ್ಲಿರಲಿಲ್ಲವೆಂದೂ, ಅದಕ್ಕಾಗಿ ಅವರು ಕನ್ನಡವನ್ನು ಕಲಿತು ಒಂದರಿಂದ ನಾಲ್ಕನೆಯ ಇಯತ್ತೆಯವರೆಗಿನ ಪುಸ್ತಕಗಳನ್ನು ಪುನಃ ರೂಪಿಸಿದರೆಂದೂ, ಅವುಗಳಲ್ಲಿ ಕ್ಯೂಆರ್ ಚೌಕಗಳನ್ನು ಕೂಡಿಸಿ, ಮೊಬೈಲನ್ನು ಹಿಡಿದರೆ ಪದ್ಯವು ಹಾಡಾಗಿ ಕೇಳುವಂತೆಯೂ ಪಾಠವು ಚಿತ್ರವಾಗಿ ಚಲಿಸುವಂತೆಯೂ ಮಾಡಿದರೆಂದೂ ಜಾಗತಿಕ ಶಿಕ್ಷಕ ಪ್ರಶಸ್ತಿಯನ್ನು ಕೊಡುವ ವಾರ್ಕಿ ಪ್ರತಿಷ್ಠಾನವು ಪ್ರಕಟಿಸಿದ ಪರಿಚಯದಲ್ಲಿ ಹೇಳಲಾಗಿದೆ. 2017ರಲ್ಲಿ ಮಹಾರಾಷ್ಟ್ರ ಸರಕಾರವು ಇದೇ ಕ್ರಮವನ್ನು ರಾಜ್ಯದ ಪಾಠಪುಸ್ತಕಗಳಿಗೆಲ್ಲ ಅನ್ವಯಿಸಲು ನಿರ್ಧರಿಸಿತು. 2020ರ ಡಿಸೆಂಬರ್ 3ರಂದು ಹತ್ತು ಲಕ್ಷ ಡಾಲರುಗಳ ಜಾಗತಿಕ ಶಿಕ್ಷಕ ಪ್ರಶಸ್ತಿಯು ಅವರಿಗೆ ಘೋಷಿತವಾದಾಗ, ಅದರ ಅರ್ಧವನ್ನು ಕೊನೆಯ ಸುತ್ತಿನ ಉಳಿದ ಒಂಬತ್ತು ಮಂದಿ ಶಿಕ್ಷಕರಿಗೆ ಹಂಚುವೆನೆಂದು ಅವರು ಆ ಕೂಡಲೇ ಸಾರಿದರು. ಧನದ ಈ ಔದಾರ್ಯವನ್ನು ಎಲ್ಲರೂ ಕೊಂಡಾಡಿದರು. ನನ್ನ ಮನಸ್ಸು ಮಾತ್ರ ಅದಕ್ಕೂ ಮುಂಚಿನ ಮತ್ತೊಂದು ಔದಾರ್ಯದಲ್ಲಿ ನೆಟ್ಟಿದೆ. ಮಕ್ಕಳ ಭಾಷೆಯನ್ನು ಮೊದಲು ತಾನು ಕಲಿತು, ಯಂತ್ರವನ್ನು ಆಮೇಲೆ ಕೈಗೆತ್ತಿಕೊಂಡ ಆ ಅನುಕ್ರಮವನ್ನು ಆ್ಯಪ್ ಬರೆಯುವ ನಮ್ಮಲ್ಲಿ ಎಷ್ಟು ಮಂದಿ ಪಾಲಿಸಿದ್ದೇವೆ?

ಆ ಚೌಕದ ಜನನವೂ ಸ್ವಾರಸ್ಯಕರವಾದುದು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯ ಮಸಾಹಿರೊ ಹರಾ ಎಂಬವರು ಮೋಟಾರುಗಳ ಬಿಡಿಭಾಗಗಳ ಲೆಕ್ಕವನ್ನಿಡುವುದಕ್ಕಾಗಿ ಅದನ್ನು ನಿರ್ಮಿಸಿದರು; ಕಪ್ಪು ಬಿಳಿ ಕಾಯಿಗಳನ್ನು ಹೂಡುವ ಗೋ ಎಂಬ ಆಟದ ಮಣೆಯೇ ಅವರಿಗೆ ಸ್ಫೂರ್ತಿಯಾಯಿತಂತೆ. ಮೂರು ಮೂಲೆಗಳಲ್ಲಿ ಕಾಣುವ ದಪ್ಪ ಚೌಕಗಳಿಂದ ಮೊಬೈಲಿನ ಕಣ್ಣು ಯಾವುದು ಮೇಲು, ಯಾವುದು ಕೆಳಗು ಎಂಬುದನ್ನು ಗುರುತಿಸಿಕೊಳ್ಳುತ್ತದೆ. ಪುಸ್ತಕವನ್ನು ಓರೆಯಾಗಿ ಹಿಡಿದರೂ ಬಾಧೆಯಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಳಗಿನ ಸಂದೇಶವನ್ನು ಒಂದು ಗಣಿತಕ್ರಮದಿಂದ ಮಿಗಿಲಾದ ಅಂಕಿಗಳೊಡನೆ ಹೆಣೆದಿರುವುದರಿಂದ, ಅತ್ಯಂತ ಗಟ್ಟಿಯಾದ ಹೆಣಿಗೆಯಲ್ಲಿ ಸುಮಾರು 30 ಪ್ರತಿಶತ ಭಾಗವು ಅಳಿದುಹೋದರೂ ಉಳಿದುದರಿಂದ ಪೂರ್ಣವನ್ನು ಪುನಃ ಕಟ್ಟಬಹುದು. ಚಪಳಗಾಂವದ ಪಡಸಾಲೆಯಲ್ಲಿ ಶೇಂಗಾ ಹಿಂಡಿಯ ಎಣ್ಣೆಯನ್ನು ಗೆದ್ದುದು ಈ ಹೆಣಿಗೆಯೇ. ಕಾರ್ಖಾನೆಯ ಮಸಿಯನ್ನೂ ಧೂಳನ್ನೂ ಮೊದಲೇ ನೆನೆದು ಅದನ್ನು ರಚಿಸಿದ್ದರಿಂದ, ಅವರು ಕನಸಿನಲ್ಲಿಯೂ ಕಾಣದ ಒಂದು ಊರಿನ ಊಟದ ತಟ್ಟೆಯ ಪಕ್ಕದಲ್ಲಿಯೂ ಅದು ತಾಳಿಕೊಂಡಿತು.

ಇಷ್ಟು ಮುಂದಾಲೋಚನೆಯು ಕನ್ನಡದ ಅಕ್ಷರಗಳ ಪಾಲಿಗೆ ಬಹುಕಾಲ ದೊರೆಯಲಿಲ್ಲ. ನಮ್ಮ ಬರಹವು ರೋಮನ್ ಬರಹದಂತೆ ಒಂದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ನಡೆದುಹೋಗುವುದಲ್ಲ. ಅದು ಮೇಲಕ್ಕೆ ಗುಡಿಸನ್ನು ಕಟ್ಟುತ್ತದೆ, ಬಲಕ್ಕೆ ಕೊಂಬನ್ನು ಚಾಚುತ್ತದೆ, ಕೆಳಕ್ಕೆ ಒತ್ತನ್ನು ತೂಗುಬಿಡುತ್ತದೆ. "ಸ್ತ್ರೀ" ಎಂಬ ಅಕ್ಷರವನ್ನು ಹತ್ತಿರದಿಂದ ನೋಡಿರಿ. ಕಣ್ಣಿಗೆ ಅದು ಒಂದೇ ಅಕ್ಷರ. ಕಿವಿಗೂ ಒಂದೇ ಉಸಿರು. ಯಂತ್ರದ ಒಳಗಾದರೋ ಅದು ಸಕಾರ, ಹಲಂತ, ತಕಾರ, ಹಲಂತ, ರೇಫ, ಈಕಾರದ ಚಿಹ್ನೆ ಎಂಬ ಆರು ಬೇರೆ ಬೇರೆ ಸಂಕೇತಗಳ ಮೆರವಣಿಗೆ. ಅಂತರ್ಜಾಲದಲ್ಲಿ ಹರಿಯುವಾಗ ಒಂದೊಂದು ಸಂಕೇತಕ್ಕೆ ಮೂರರಂತೆ ಹದಿನೆಂಟು ಬೈಟುಗಳನ್ನು ಅದು ತುಂಬುತ್ತದೆ. ಈ ಆರನ್ನು ಒಂದು ಆಕೃತಿಯಾಗಿ ಬೆಸೆಯುವ ಕೆಲಸವು ಫಾಂಟಿನದು ಮತ್ತು ಅದನ್ನು ಓದುವ ತಂತ್ರಾಂಶದ್ದು. ಬೆಸುಗೆ ಬರದ ಯಂತ್ರದಲ್ಲಿ ಅಕ್ಷರವು ಬಿಚ್ಚಿಹೋದ ಹಾರದ ಮಣಿಗಳಂತೆ ಚೆದುರುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಮನೆ ದೊರೆತಿತ್ತಾದರೂ, ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಆಶ್ರಯ ಸಿಕ್ಕಿದುದು 2012ರ 4.1ನೆಯ ಆವೃತ್ತಿಯೊಡನೆ. ಅದಕ್ಕೆ ಮೊದಲು ಗೆಳೆಯರು ಕಳಿಸಿದ ಕನ್ನಡದ ಸಂದೇಶವು ನಮ್ಮ ಫೋನುಗಳಲ್ಲಿ ಸಾಲುಸಾಲಾದ ಖಾಲಿ ಪೆಟ್ಟಿಗೆಗಳಾಗಿ ಬಂದು ನಿಲ್ಲುತ್ತಿದ್ದುದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ.

ಆ್ಯಪ್ ಎಂಬ ಈ ಶಬ್ದವನ್ನೇ ನೋಡಿರಿ. ಸ್ವರಕ್ಕೆ ಹಲಂತವನ್ನು ಕೊಟ್ಟು ಅದರ ಕೆಳಗೆ ಯಕಾರದ ಒತ್ತನ್ನು ಕಟ್ಟುವುದು ನಮ್ಮ ಹಳೆಯ ವ್ಯಾಕರಣಗಳು ಕಾಣದ ಸಂಯೋಗ. ಪರಭಾಷೆಯ ಒಂದು ಧ್ವನಿಯನ್ನು ಒಳಗೆ ಕರೆದುಕೊಳ್ಳುವ ಸಲುವಾಗಿ ಬರೆಯುವ ಜನರು ತಾವಾಗಿ ರೂಢಿಸಿಕೊಂಡದ್ದು. ಲಿಪಿಯು ಹೀಗೆ ಅತಿಥಿಗಾಗಿ ತನ್ನ ನಿಯಮವನ್ನು ಸಡಿಲಿಸುವಾಗ, ಅತಿಥಿಯು ಮನೆಯವರ ಒತ್ತನ್ನು ಕೊಯ್ದು ಕುಳಿತರೆ ಸೈರಿಸುವುದೆಂತು?

ಬರೆಯುವ ಕೆಲಸವು ಓದುವುದಕ್ಕಿಂತಲೂ ಕಠಿಣ. ಅಂಗೈಯಗಲದ ಗಾಜಿನ ಕೆಳ ಅರ್ಧದಲ್ಲಿ ನಮ್ಮ ವರ್ಣಮಾಲೆಯನ್ನೆಲ್ಲ ಹರಡಿದರೆ ಒಂದೊಂದು ಕೀಲಿಯೂ ಜೋಳದ ಕಾಳಿನಷ್ಟಾಗುತ್ತದೆ. ಹೊಲದ ಕೆಲಸದಿಂದ ಒರಟಾದ ಬೆರಳಿಗೆ ಅದು ಒಲಿಯದು. ಬೆರಳಿಡುವ ಜಾಗವು ಕಡಿಮೆಯೆಂದರೆ ಸುಮಾರು 9 ಮಿಲಿಮೀಟರಿನಷ್ಟು ಅಗಲವಾಗಿರಬೇಕೆಂದು ಆಂಡ್ರಾಯ್ಡಿನ ನಿರ್ಮಾಪಕರು ಬುದ್ಧಿ ಹೇಳಿರುವರು. ಈ ಇಕ್ಕಟ್ಟಿಗೆ ನನಗೆ ತಿಳಿದಂತೆ ಅತ್ಯಂತ ಸುಂದರವಾದ ಉತ್ತರವನ್ನು ಕೊಟ್ಟುದು ಮುಂಬಯಿಯ ಐಐಟಿಯ ವಿನ್ಯಾಸ ಕೇಂದ್ರದಲ್ಲಿ, ಪ್ರಾಧ್ಯಾಪಕ ಅನಿರುದ್ಧ ಜೋಶಿಯವರ ಬಳಗದಿಂದ, ಭಾರತದ ಹಲವು ಲಿಪಿಗಳಿಗಾಗಿ ಹುಟ್ಟಿದ ಸ್ವರಚಕ್ರವೆಂಬ ಕೀಲಿಮಣೆ. ಅದರಲ್ಲಿ ಕಕಾರದ ಮೇಲೆ ಬೆರಳಿಟ್ಟರೆ, ಬೆರಳಿನ ಸುತ್ತಲೂ ಕಾ ಕಿ ಕೀ ಕು ಕೂ ಎಂದು ಒಂದು ಚಕ್ರವು ಅರಳಿಕೊಳ್ಳುತ್ತದೆ. ಬೇಕಾದ ಕಡೆಗೆ ಬೆರಳನ್ನು ಜಾರಿಸಿ ಎತ್ತಿದರೆ ಆ ಗುಣಿತವು ಮೂಡುತ್ತದೆ. ಹಲಂತದ ಕಡೆಗೆ ಜಾರಿಸಿದರೆ ಮುಂದಿನ ವ್ಯಂಜನಗಳೆಲ್ಲ ಕಕಾರಕ್ಕೆ ಒತ್ತಾಗಿ ನಿಂತ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ತಲಕಟ್ಟು, ಇಳಿ, ಗುಡಿಸು, ಕೊಂಬು ಎಂದು ರಾಗವಾಗಿ ಒದರಿ ಕಲಿತ ನಮ್ಮ ಕಾಗುಣಿತವೇ ಇಲ್ಲಿ ಚಕ್ರಾಕಾರವಾಗಿ ತಿರುಗಿದೆ. ಓದು ಬರಹ ಕಡಿಮೆಯಿದ್ದರೂ ಕಾಗುಣಿತವನ್ನು ಬಲ್ಲವರಿಗೆ ಕಂಪ್ಯೂಟರಿನ ಶಿಕ್ಷಣವೇ ಬೇಕಿಲ್ಲ. ಮುಂಬಯಿಯಲ್ಲಿಯೇ ಇರುವ ಏಕ್ ಟೈಪ್ ಎಂಬ ಅಕ್ಷರಶಿಲ್ಪಿಗಳ ಬಳಗವು ಬಾಲೂ ತಮ್ಮ ಎಂಬ ದುಂಡು ಮೈಯ ಕನ್ನಡ ಫಾಂಟನ್ನು ರಚಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿದೆ. ಮಹಾರಾಷ್ಟ್ರದಲ್ಲಿ ಕನ್ನಡಕ್ಕೆ ಹಿತವಾದ ಕೆಲಸಗಳು ನಡೆಯುವುದಿಲ್ಲವೆಂದು ತಿಳಿದಿರುವವರಿಗೆ ಈ ಎರಡನ್ನೂ ನಾನು ತೋರಿಸುತ್ತಿರುತ್ತೇನೆ.

ಆ್ಯಪು ಮೇಲೋ, ವೆಬ್‌ಸೈಟು ಮೇಲೋ ಎಂಬ ಪ್ರಶ್ನೆಯನ್ನು ನಮ್ಮ ಕಸುಬಿನ ಹುಡುಗರು ಬಹಳ ಆವೇಶದಿಂದ ಚರ್ಚಿಸುವರು. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕಾರನು, ಒಂದೇ ಪುಟವು ನೋಡುವವನ ಪರದೆಯ ಅಗಲಕ್ಕೆ ತಕ್ಕಂತೆ ತನ್ನನ್ನು ತಾನೇ ಅಳವಡಿಸಿಕೊಳ್ಳಬೇಕೆಂಬ ತತ್ತ್ವವನ್ನು ಪ್ರತಿಪಾದಿಸಿದನು; ಹರಿವಾಣದಲ್ಲಿ ಹರಿವಾಣದ ಆಕಾರವನ್ನು, ತಂಬಿಗೆಯಲ್ಲಿ ತಂಬಿಗೆಯ ಆಕಾರವನ್ನು ತಾಳುವ ನೀರಿನಂತೆ. ಆ ಬಳಿಕ, ಒಮ್ಮೆ ತೆರೆದ ಪುಟವನ್ನು ಫೋನಿನೊಳಗೇ ಕಾದಿಟ್ಟು, ನೆಟ್ ಇಲ್ಲದಾಗಲೂ ಒಪ್ಪಿಸುವ ಉಪಾಯವು ಬಂದಿತು. ಇವೆರಡೂ ಕೂಡಿದ ಮೇಲೆ, ಸಾಲಿಯ ಪಾಠಗಳ ಮಟ್ಟಿಗೆ ನನ್ನ ನಿರ್ಣಯವು ವೆಬ್ಬಿನ ಪಕ್ಷದಲ್ಲಿದೆ. ಆ್ಯಪನ್ನು ಅಂಗಡಿಯಿಂದ ಇಳಿಸಿಕೊಳ್ಳಬೇಕು, ಅದಕ್ಕೆ ಫೋನಿನಲ್ಲಿ ಜಾಗ ಬೇಕು, ಕೆಲವು ತಿಂಗಳಿಗೊಮ್ಮೆ ಅದನ್ನು ಹೊಸದು ಮಾಡಬೇಕು; ಮನೆಮಂದಿಯ ಮದುವೆಯ ಫೋಟೋಗಳಿಂದ ತುಂಬಿದ ಅಗ್ಗದ ಫೋನಿನಲ್ಲಿ ಜಾಗವಿಲ್ಲವೆಂಬ ಸೂಚನೆ ಬಂದೊಡನೆ ಮೊದಲು ತೆಗೆದೊಗೆಯಲ್ಪಡುವುದು ಕೂಸಿನ ಕಲಿಕೆಯ ಆ್ಯಪೇ ಹೊರತು ತಂಗಿಯ ಮದುವೆಯ ಫೋಟೋ ಅಲ್ಲ. ಇದರಲ್ಲಿ ತಂದೆತಾಯಿಗಳ ದೋಷವನ್ನು ನಾನು ಕಾಣೆನು. ಒಂದೇ ಫೋನು, ಅದೂ ತಂದೆಯೊಡನೆ ಹೊಲಕ್ಕೋ ಸಂತೆಗೋ ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವ ಫೋನು. ಆ ಒಂದು ಗಂಟೆಯಲ್ಲಿ ಎಷ್ಟು ಬೇಗ ಪಾಠವು ತೆರೆಯುವುದೋ ಅಷ್ಟೇ ನಮ್ಮ ವಿದ್ಯೆಯ ಬೆಲೆ. 2017ರ ಶಿಕ್ಷಕ ದಿನದಂದು ಆರಂಭವಾದ ದೀಕ್ಷಾ ಎಂಬ ರಾಷ್ಟ್ರೀಯ ವೇದಿಕೆಯು, ಪುಸ್ತಕದ ಚೌಕದಿಂದ ತೆರೆದ ಪಾಠವನ್ನು ಇಳಿಸಿಟ್ಟುಕೊಂಡು ನೆಟ್ ಇಲ್ಲದಲ್ಲಿಯೂ ನೋಡಲು ಅವಕಾಶ ಕೊಟ್ಟಿರುವುದು ಈ ಸ್ಥಿತಿಯನ್ನು ಅರಿತ ನಡೆಯೇ ಸರಿ. 2020ರಲ್ಲಿ ಸಾಲಿಗಳೆಲ್ಲ ಮುಚ್ಚಿ, ಹೊಸ್ತಿಲಲ್ಲಿ ಕುಳಿತು ರೇಂಜಿಗಾಗಿ ಕೈಯೆತ್ತಿ ಹಿಡಿದ ಮಕ್ಕಳನ್ನು ಕಂಡವರಿಗೆ ಈ ಸಣ್ಣ ಸೌಕರ್ಯದ ತೂಕವನ್ನು ವಿವರಿಸಬೇಕಾದುದಿಲ್ಲ.

ಇನ್ನು ಶಬ್ದಗಳ ವಿಷಯ. ಇಂಗ್ಲಿಷಿನಲ್ಲಿ ಆ್ಯಪನ್ನು ಪೂರ್ಣವಾಗಿ ಕಟ್ಟಿ ಮುಗಿಸಿ, ಕೊನೆಯ ದಿನ ಗುಂಡಿಗಳ ಹೆಸರುಗಳನ್ನಷ್ಟೇ ಒಂದು ಪಟ್ಟಿಯಾಗಿ ಕನ್ನಡಿಸುವ ಪದ್ಧತಿಯು ನಮ್ಮಲ್ಲಿ ರೂಢವಾಗಿದೆ. ನಾನೂ ಹಾಗೆಯೇ ಮಾಡಿದ್ದೆನು. ಒತ್ತು ಕೊಯ್ದುಹೋದುದು ಅದರ ಫಲ. ಪಟ್ಟಿಯಲ್ಲಿ ಕುಳಿತ ಶಬ್ದಕ್ಕೆ ಬಾಯಿಯಿಲ್ಲ, ಕೈಯಿಲ್ಲ. ಯಾರು ಯಾರಿಗೆ ಅದನ್ನು ಹೇಳುತ್ತಾರೆಂಬುದು ಅದಕ್ಕೆ ಗೊತ್ತಿಲ್ಲ. ಬರೆದುದನ್ನು ತೆಗೆದುಹಾಕುವ ಗುಂಡಿಗೆ ನಾನು ನಿಘಂಟನ್ನು ನಂಬಿ "ಅಳಿಸು" ಎಂದು ಹೆಸರಿಟ್ಟಿದ್ದೆನು. ಚಪಳಗಾಂವದ ಆ ಬಾಲಕಿ ಅದನ್ನು ಓದಿ, ಹುಬ್ಬು ಗಂಟಿಕ್ಕಿ, "ಯಾರನ್ನ ಅಳಸೂದ್ರಿ?" ಎಂದು ಕೇಳಿದಳು. ಆಕೆಯ ಕಿವಿಗೆ ಅದು ಅಳುವಂತೆ ಮಾಡು ಎಂದು ಕೇಳಿಸಿತ್ತು. ಭಾಷೆಯೂ ಆಕೆಯ ಪಕ್ಷವನ್ನೇ ವಹಿಸಿತ್ತು, ಏಕೆಂದರೆ ಎರಡು ಕ್ರಿಯೆಗಳಿಗೂ ಒಂದೇ ರೂಪ. ಹಾಗಾದರೆ ಏನೆಂದು ಬರೆಯಲಿ ಎಂದು ನಾನು ಕೇಳಿದೆನು. ಆಕೆ ಒಂದು ಕ್ಷಣವೂ ತಡೆಯದೆ, "ಪಾಟಿ ಒರಸ್ತೀವಲ್ರಿ, ಒರಸು ಅಂತ ಬರೀರಿ" ಎಂದಳು. ಒರಸು ಎಂಬ ಮಾತಿನಲ್ಲಿ ಒದ್ದೆ ಬಟ್ಟೆಯ ವಾಸನೆಯಿದೆ, ಬಳಪದ ಧೂಳಿದೆ, ತಪ್ಪಾದರೆ ಮತ್ತೊಮ್ಮೆ ಬರೆಯಬಹುದೆಂಬ ಅಭಯವಿದೆ. ನಿಘಂಟಿನಲ್ಲಿ ಅದು ಇದ್ದರೂ ನನ್ನ ಪಟ್ಟಿಯವರೆಗೆ ಅದು ನಡೆದು ಬಂದಿರಲಿಲ್ಲ. ಅದೇ ಮಧ್ಯಾಹ್ನ ಆ ಪಡಸಾಲೆಯಲ್ಲಿ ಕುಳಿತು ಇನ್ನೂ ಹಲವು ಹೆಸರುಗಳನ್ನು ತಿದ್ದಿದೆವು. ನಾನು "ಸಲ್ಲಿಸಿ" ಎಂದುದನ್ನು ಆಕೆ "ಕಳಿಸು" ಎಂದಳು. "ತರಗತಿ" ಎಂದುದನ್ನು "ಇಯತ್ತೆ" ಎಂದಳು. ನಡುವೆ ಆಕೆಯ ಅಜ್ಜಿ ಒಳಗಿನಿಂದ ಚಹ ತಂದಿಟ್ಟು, ಫೋನಿನಲ್ಲಿ ಹೇಗೆ ಬರೆಯುವರೆಂದು ತಾನೂ ನೋಡಬೇಕೆಂದು ಮೊಮ್ಮಗಳ ಹೆಗಲ ಮೇಲಿನಿಂದ ಬಗ್ಗಿದಳು. ಸ್ವರಚಕ್ರದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಅಜ್ಜಿ ಎರಡನೆಯ ಯತ್ನದಲ್ಲಿ ಬರೆದಳು.

ಸೊಲ್ಲಾಪುರಕ್ಕೆ ಮರಳಿದ ಮೇಲೆ ಗುಂಡಿಗಳ ಎತ್ತರವನ್ನೆಲ್ಲ ನಾನು ಹೊಸದಾಗಿ ಅಳೆದೆನು. ಈ ಸಲ ಅಳತೆಗೋಲಾಗಿ ಇಟ್ಟುಕೊಂಡುದು "ಸ್ತ್ರೀ" ಎಂಬ ಅಕ್ಷರವನ್ನು, ಅದಕ್ಕೆ ಮೇಲೂ ಕೆಳಗೂ ಸುಖವಾಗಿ ಉಸಿರಾಡಲು ಸ್ಥಳವಿದ್ದರೆ ಉಳಿದುವೆಲ್ಲಕ್ಕೂ ಇದ್ದಂತೆಯೇ ಎಂಬ ಭರವಸೆಯಿಂದ. ಎರಡು ವಾರಗಳ ಬಳಿಕ ಹೋದಾಗ ಬಾಲಕಿ "ಉತ್ತರ" ಎಂದು ಒತ್ತು ಕೊಟ್ಟು ಓದಿದಳು. ಆ ಮೇಲೆ ಗಾಜಿನ ಮೇಲೆ ಬೆರಳಿನಿಂದ ತನ್ನ ಊರ ಹೆಸರನ್ನು ಬರೆದಳು. ಳಕಾರದ ಸುಳಿ ಸರಿಬರಲಿಲ್ಲವೆಂದು ಆಕೆಗೆ ತೋರಿತು. ಒರಸು ಎಂಬ ಗುಂಡಿಯು ಕೆಳಗೆಯೇ ಇದ್ದಿತು. ಆಕೆ ಅದನ್ನು ನೋಡಲೇ ಇಲ್ಲ. ಪೂರ್ಣ ಅಂಗೈಯನ್ನು ಗಾಜಿಗೆ ಊರಿ, ಎಡದಿಂದ ಬಲಕ್ಕೆ, ಪಾಟಿಯನ್ನು ಒರಸುವಂತೆಯೇ ಒರಸಿದಳು. ಗಾಜಿನ ಮೇಲೆ ಅಕ್ಷರವು ಅಲುಗದೆ ಉಳಿಯಿತು, ಏಕೆಂದರೆ ಒಂದು ಬೆರಳಿನ ತುದಿಗೆ ಮಾತ್ರ ಓಗೊಡುವಂತೆ ನಾನು ಆ್ಯಪಿಗೆ ಕಲಿಸಿದ್ದೆನು. ಹಲವು ಸ್ಪರ್ಶಗಳು ಒಮ್ಮೆಲೇ ಬಂದರೆ ಅದು ಕೈತಪ್ಪಿ ಆದುದೆಂದು ಎಣಿಸಿ ಸುಮ್ಮನಿರುತ್ತಿತ್ತು. ಆಕೆ ಮತ್ತೊಮ್ಮೆ, ಇನ್ನಷ್ಟು ಒತ್ತಿ, ಒರಸಿ ನೋಡಿದಳು.

ಈಗ ಅಂಗೈಯಿಂದ ಒರಸುವುದನ್ನು ಆ್ಯಪಿಗೆ ಕಲಿಸುವ ಕೆಲಸವನ್ನು ಹಿಡಿದಿದ್ದೇನೆ. ಮೂರು ಬೆರಳುಗಳಾಗಲಿ ನಾಲ್ಕಾಗಲಿ ಒಟ್ಟಿಗೆ ಗಾಜಿನ ಮೇಲೆ ಒಂದು ದಿಕ್ಕಿಗೆ ಸರಿದುವಾದರೆ, ಅವು ಹಾದುಹೋದ ದಾರಿಯ ಅಕ್ಷರಗಳು ಮಾಸಿಹೋಗಬೇಕು. ಆದರೆ ಫೋನನ್ನು ಹಿಡಿದ ಎಡಗೈಯ ಹೆಬ್ಬೆರಳು ಅಂಚಿಗೆ ತಗುಲಿದುದನ್ನು ಒರಸಿದುದೆಂದು ಅದು ತಪ್ಪು ತಿಳಿಯಬಾರದು. ನಿನ್ನೆ ರಾತ್ರಿ ನನ್ನ ಫೋನಿನಲ್ಲಿ ಅದು ಹತ್ತಕ್ಕೆ ಏಳು ಸಲ ಸರಿಯಾಗಿ ಒರಸಿತು. ಬರುವ ರವಿವಾರ ಚಪಳಗಾಂವಕ್ಕೆ ಹೋಗಿ, ಆ ಸೀಳಿದ ಗಾಜಿನ ಮೇಲೆ, ಆ ಪುಟ್ಟ ಅಂಗೈಯಿಂದ ಒರಸಿಸಿ ನೋಡಬೇಕು.